ನಗುವ ಎಲುಬುಗಳು: ಮೆಕ್ಸಿಕೋದ ಮೃತರ ಹಬ್ಬದ ಪೆಟ್ಟಿಗೆ ಹಟ್ಟಿಯ ಚಿತ್ರಕಲಾ ತರಗತಿಗೆ ಬಂದ ಬಗೆ

ನವೆಂಬರ್ ತಿಂಗಳನ್ನು ಧರ್ಮಸಭೆಯು ಮೃತರ ಸ್ಮರಣೆಗೆ ಮೀಸಲಿಟ್ಟಿದೆ. 1ರಂದು ಸಕಲ ಸಂತರ ಹಬ್ಬ, 2ರಂದು ಸಕಲ ಮೃತರ ಸ್ಮರಣೆ. ಆ ಹೊತ್ತಿಗೆ ಹಟ್ಟಿ, ಲಿಂಗಸೂಗೂರು, ಮುದಗಲ್, ಮಸ್ಕಿ, ಸಿಂಧನೂರು ಕಡೆಯ ನಮ್ಮ ಕುಟುಂಬಗಳು ಮಳೆಗಾಲದಲ್ಲಿ ಬೆಳೆದ ಹುಲ್ಲು ಕಿತ್ತು, ಸಮಾಧಿಗೆ ಸುಣ್ಣ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಮೇಣದಬತ್ತಿ ಹಚ್ಚುತ್ತವೆ. ಗುರುಗಳು ಬಂದು ಸಮಾಧಿಗಳಿಗೆ ತೀರ್ಥ ಚಿಮುಕಿಸಿ ಪ್ರಾರ್ಥಿಸುತ್ತಾರೆ. ಇದು ನಾವೆಲ್ಲ ಬಲ್ಲ ಸಂಗತಿ.

ಪ್ರಿಯ ಓದುಗರೇ, ಆ ಚೆಂಡುಹೂವಿನ ತವರೂರು ಯಾವುದೆಂದು ಎಂದಾದರೂ ಯೋಚಿಸಿದ್ದೇವೆಯೇ? ದಸರೆಗೆ, ದೀಪಾವಳಿಗೆ, ಮದುವೆಗೆ, ಮಣ್ಣಿಗೆ, ಎಲ್ಲದಕ್ಕೂ ನಮಗೆ ಬೇಕಾಗುವ ಈ ಹೂ ಮೂಲತಃ ನಮ್ಮ ನೆಲದ್ದಲ್ಲ. ಅದು ಮೆಕ್ಸಿಕೋ ದೇಶದ್ದು. ಮೆಣಸಿನಕಾಯಿಯೂ ಅಲ್ಲಿಯದೇ. ಸ್ಪೇನಿನವರು ಮತ್ತು ಪೋರ್ಚುಗೀಸರು ಸಮುದ್ರ ದಾಟತೊಡಗಿದ ಮೇಲೆ ಇವೆಲ್ಲ ಈ ಕಡೆಗೆ ಬಂದವು. ಮೆಕ್ಸಿಕೋದಲ್ಲಿ ಇಂದಿಗೂ ಚೆಂಡುಹೂ ಮೃತರ ಹೂವೇ. ನವೆಂಬರ್ 1 ಮತ್ತು 2ರಂದು ಅಲ್ಲಿನ ಕಥೋಲಿಕ ಮನೆಗಳಲ್ಲಿ ಒಂದು ಮೇಜಿನ ಮೇಲೆ ಮೃತರ ಭಾವಚಿತ್ರ, ನೀರು, ಉಪ್ಪು, ರೊಟ್ಟಿ, ಅವರು ಇಷ್ಟಪಡುತ್ತಿದ್ದ ಅಡುಗೆ, ಇವನ್ನೆಲ್ಲ ಇಟ್ಟು ಸುತ್ತ ಚೆಂಡುಹೂ ಹರಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹಿರಿಯರ ಹಬ್ಬಕ್ಕೆ ಇಡುವ ಎಡೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುನೆಸ್ಕೋ ಸಂಸ್ಥೆಯು 2003ರಲ್ಲಿ ಈ ಆಚರಣೆಯನ್ನು ಮಾನವಕುಲದ ಅಮೂಲ್ಯ ಪರಂಪರೆಯೆಂದು ಘೋಷಿಸಿ, 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ಆ ಎಡೆಯ ಆಸುಪಾಸಿನಲ್ಲಿ, ಹಬ್ಬದ ಸಂತೆಯಲ್ಲಿ, ಇನ್ನೊಂದು ವಸ್ತು ಕಾಣಸಿಗುತ್ತದೆ. ಅದನ್ನು ಮೊದಲ ಸಲ ನೋಡಿದ ನಮ್ಮವರು ಬೆಚ್ಚಿಬೀಳುತ್ತಾರೆ. ಸಣ್ಣದೊಂದು ಪೆಟ್ಟಿಗೆ, ಕೆಲವೊಮ್ಮೆ ಬೆಂಕಿಪೊಟ್ಟಣದಷ್ಟೇ. ಒಂದು ಬದಿ ತೆರೆದಿರುತ್ತದೆ. ಒಳಗೆ ಮಣ್ಣಿನ ಇಲ್ಲವೇ ಕಾಗದದ ಅಸ್ಥಿಪಂಜರಗಳು. ಅವು ಮಲಗಿರುವುದಿಲ್ಲ. ಒಂದು ತಲೆಬುರುಡೆ ಇನ್ನೊಂದರ ಹಲ್ಲು ಕೀಳುತ್ತಿರುತ್ತದೆ. ಮದುಮಗ ಮದುಮಗಳು ಕೈಹಿಡಿದು ನಿಂತಿರುತ್ತಾರೆ, ಇಬ್ಬರೂ ಬರೀ ಎಲುಬು. ಕ್ಷೌರಿಕ, ಟೈಪಿಸ್ಟ್, ವಾದ್ಯಗಾರರು, ಪಾಪನಿವೇದನೆ ಕೇಳುವ ಗುರುಗಳು, ಎಲ್ಲರೂ ಎಲುಬು, ಎಲ್ಲರೂ ನಗುತ್ತಿರುವವರು. ಓಹಾಕಾ ಪ್ರಾಂತದ ಒಂದು ಆಟಿಕೆಯಲ್ಲಿ ಶವಪೆಟ್ಟಿಗೆ ಹೊತ್ತ ಪುಟ್ಟ ಗುರುಗಳ ಮೆರವಣಿಗೆ ಸಾಗುತ್ತದೆ. ಆ ಗುರುಗಳ ತಲೆಗಳೆಲ್ಲ ಒಂದೊಂದು ಕಡಲೆಕಾಳು!

ಮೃತರನ್ನು ಹೀಗೆ ಹಾಸ್ಯ ಮಾಡಬಹುದೇ? ಕ್ರೈಸ್ತರಾದವರು ಇಂಥದ್ದನ್ನು ಮಕ್ಕಳ ಕೈಗೆ ಕೊಡಬಹುದೇ? ಹಟ್ಟಿಯ ಒಂದು ಶಾಲೆಯಲ್ಲಿ ಎಂಟನೆಯ ತರಗತಿಯ ಮಕ್ಕಳೊಂದಿಗೆ ಈ ಪೆಟ್ಟಿಗೆಗಳನ್ನು ಮಾಡಲು ನಾವು ಕುಳಿತಾಗ ಈ ಪ್ರಶ್ನೆಗಳು ಎದುರಾದವು. ಉತ್ತರ ಹುಡುಕಲು ಇತಿಹಾಸದೊಳಗೆ ಸ್ವಲ್ಪ ದೂರ ಹೋಗಬೇಕಾಯಿತು.

ಇದು ಯಾರ ಎಲುಬು?

ಪ್ರವಾಸಿ ಪುಸ್ತಕಗಳಲ್ಲಿ ಒಂದು ಸಿದ್ಧ ಉತ್ತರವಿದೆ: ಇದು ಆಸ್ಟೆಕರ ಕಾಲದ, ಮೂರು ಸಾವಿರ ವರ್ಷ ಹಳೆಯ ಪದ್ಧತಿ, ಕ್ರೈಸ್ತ ಧರ್ಮ ಬಂದು ಅದರ ಮೇಲೆ ಒಂದು ಹೊದಿಕೆ ಹಾಸಿತು, ಅಷ್ಟೇ. ನಮ್ಮ ಮಟ್ಟಿಗೆ ಇದು ಅರ್ಧ ಸತ್ಯ. ಆಸ್ಟೆಕರಲ್ಲಿ ತಲೆಬುರುಡೆಗಳಿಗೆ ದೊಡ್ಡ ಸ್ಥಾನವಿದ್ದುದು ನಿಜ. ಅವರ ರಾಜಧಾನಿಯ ಮಹಾದೇವಾಲಯದ ಬಳಿ ಬಲಿಯಾದವರ ಬುರುಡೆಗಳನ್ನು ಸಾಲಾಗಿ ಪೋಣಿಸಿಡುತ್ತಿದ್ದ ಕಟ್ಟೆಯನ್ನು ಪುರಾತತ್ವಜ್ಞರು 2015ರಲ್ಲಿ ಮೆಕ್ಸಿಕೋ ನಗರದ ನಡುವೆಯೇ ಅಗೆದು ತೆಗೆದರು. ಆದರೆ ಅದು ಭಯ ಹುಟ್ಟಿಸುವ, ದೇವರಿಗೆ ರಕ್ತ ಕೊಡುವ ಗಂಭೀರ ವಿಷಯವಾಗಿತ್ತು. ಟೋಪಿ ಹಾಕಿಕೊಂಡು ಕುಣಿಯುವ, ಹಲ್ಲು ಕಿಸಿಯುವ ಎಲುಬಿನ ವಂಶಾವಳಿಯನ್ನು ಯೂರೋಪಿನ ನಮ್ಮದೇ ಗುಡಿಗಳ ಅಂಗಳದಲ್ಲಿ ಹುಡುಕಬೇಕು.

ಸಕಲ ಮೃತರ ಸ್ಮರಣೆಗೆ ನವೆಂಬರ್ 2ನ್ನು ಗೊತ್ತುಮಾಡಿದವರು ಫ್ರಾನ್ಸ್ ದೇಶದ ಕ್ಲೂನಿ ಮಠದ ಮಠಾಧಿಪತಿ ಸಂತ ಓಡಿಲೋ. ಅದು 998ರಲ್ಲಿ ಎಂಬುದು ವಾಡಿಕೆಯ ಮಾತು. ಅಲ್ಲಿಂದ ಮುನ್ನೂರೈವತ್ತು ವರ್ಷಗಳ ನಂತರ, 1347ರಿಂದ ಕೆಲವೇ ವರ್ಷಗಳಲ್ಲಿ, ಪ್ಲೇಗು ಯೂರೋಪಿನ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಜನರನ್ನು ಕೊಂದಿತು. ಹೂಳಲು ಜಾಗವಿಲ್ಲ, ಹೂಳುವವರೂ ಇಲ್ಲ. ಆ ನೆನಪಿನಿಂದ ಒಂದು ಚಿತ್ರಸಂಪ್ರದಾಯ ಹುಟ್ಟಿತು. 1424-25ರಲ್ಲಿ ಪ್ಯಾರಿಸ್ಸಿನ ಪವಿತ್ರ ಹಸುಳೆಗಳ ಸ್ಮಶಾನದ ಗೋಡೆಯ ಮೇಲೆ ಒಂದು ಉದ್ದನೆಯ ಕುಣಿತವನ್ನು ಬರೆದರು. ಪೋಪ್, ಚಕ್ರವರ್ತಿ, ಧರ್ಮಾಧ್ಯಕ್ಷರು, ವ್ಯಾಪಾರಿ, ರೈತ, ಕೂಸು, ಪ್ರತಿಯೊಬ್ಬರ ಕೈಯನ್ನೂ ಒಂದು ಎಲುಬಿನ ಆಕೃತಿ ಹಿಡಿದು ಎಳೆಯುತ್ತದೆ. ಹಾನ್ಸ್ ಹೋಲ್ಬೈನ್ ಎಂಬ ಕಲಾವಿದನ ಇದೇ ವಿಷಯದ ಮರದಚ್ಚಿನ ಚಿತ್ರಗಳು 1538ರಲ್ಲಿ ಲಿಯಾನ್ ನಗರದಲ್ಲಿ ಪುಸ್ತಕವಾಗಿ ಬಂದವು. ಸಾವು ಎಲ್ಲರನ್ನೂ ಒಂದೇ ಅಳತೆಯಲ್ಲಿ ಅಳೆಯುತ್ತದೆ ಎಂಬುದು ಅವುಗಳ ತಿರುಳು. ಬಡವನಿಗೆ ಅದರಲ್ಲಿ ಒಂದು ಗುಟ್ಟಿನ ಸಮಾಧಾನವೂ ಇದ್ದಿರಬೇಕು.

ಅಷ್ಟು ದೂರ ಏಕೆ? ನಮ್ಮ ದೇವಾಲಯಗಳಲ್ಲಿರುವ ಹಳೆಯ ಶಿಲುಬೆಗಳ ಬುಡವನ್ನು ನೋಡಿ. ಎಷ್ಟೋ ಕಡೆ ಒಂದು ತಲೆಬುರುಡೆ, ಅಡ್ಡಲಾಗಿ ಎರಡು ಎಲುಬು ಇರುತ್ತವೆ. ಪ್ರಭುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಎಂಬ ಹೆಸರಿನ ಅರ್ಥವೇ ಕಪಾಲ. ಅಲ್ಲಿಯೇ ಆದಾಮನ ಬುರುಡೆ ಹೂತಿತ್ತೆಂಬುದು ಹಳೆಯ ನಂಬಿಕೆ. ಸಂತ ಜೆರೋಮ್, ಅಸ್ಸಿಸಿಯ ಸಂತ ಫ್ರಾನ್ಸಿಸ್ ಇವರ ಚಿತ್ರಗಳಲ್ಲಿಯೂ ಬುರುಡೆ ಪಕ್ಕದಲ್ಲೇ ಇರುತ್ತದೆ. ಪ್ರವಾದಿ ಯೆಜೆಕಿಯೇಲನ ಗ್ರಂಥದ 37ನೆಯ ಅಧ್ಯಾಯದಲ್ಲಿ ಒಣ ಎಲುಬುಗಳು ತುಂಬಿದ ಕಣಿವೆಯಿದೆ. ಎಲುಬಿಗೆ ಎಲುಬು ಕೂಡಿಕೊಂಡು ಸದ್ದಾಗುವುದನ್ನು ಅಲ್ಲಿ ಓದುತ್ತೇವೆ. ನಮ್ಮ ಮಕ್ಕಳು ಎಲುಬಿನ ಗೊಂಬೆಗೆ ತಂತಿ ಕಟ್ಟುವಾಗ ನಮಗೆ ಮೊದಲು ನೆನಪಾದದ್ದು ಆ ಅಧ್ಯಾಯವೇ.

1524ರಲ್ಲಿ ಹನ್ನೆರಡು ಮಂದಿ ಫ್ರಾನ್ಸಿಸ್ಕನ್ ಗುರುಗಳು ಮೆಕ್ಸಿಕೋಗೆ ಬಂದಿಳಿದರು. ಅದೇ ಶತಮಾನದಲ್ಲಿ, 1557ಕ್ಕೂ ಮೊದಲೇ, ಯೇಸುಸಭೆಯವರು ನಮ್ಮ ಮುದಗಲ್ಲಿನಲ್ಲಿ ದೇವಾಲಯ ಕಟ್ಟಿದರೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಎರಡೂ ಕಡೆ ಒಂದೇ ತೊಡಕು: ಜನರ ಹಳೆಯ ಪದ್ಧತಿಗಳಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬಹುದು? ಮೆಕ್ಸಿಕೋದ ಡೊಮಿನಿಕನ್ ಗುರು ದಿಯೇಗೋ ದುರಾನ್ 16ನೆಯ ಶತಮಾನದ ಉತ್ತರಾರ್ಧದಲ್ಲಿ ತಮ್ಮ ಅನುಮಾನವನ್ನು ಬರೆದಿಟ್ಟಿದ್ದಾರೆ. ಮೊದಲು ಆಗಸ್ಟ್ ಸುಮಾರಿಗೆ ಚಿಕ್ಕ ಮೃತರಿಗೆ ಒಂದು ಹಬ್ಬ, ದೊಡ್ಡ ಮೃತರಿಗೆ ಇನ್ನೊಂದು ಹಬ್ಬ ಇದ್ದವು. ಈಗ ಜನ ಸಕಲ ಸಂತರ ಹಬ್ಬದ ದಿನ ಮಕ್ಕಳಿಗೂ ಮರುದಿನ ಹಿರಿಯರಿಗೂ ಕಾಣಿಕೆ ಇಡುವುದನ್ನು ಕಂಡರೆ ಹಳೆಯದನ್ನೇ ಇಲ್ಲಿಗೆ ತಂದಿಟ್ಟುಕೊಂಡಂತೆ ತೋರುತ್ತದೆ ಎಂಬುದು ಅವರ ಶಂಕೆ. ಅವರ ಶಂಕೆಗೆ ಆಧಾರವಿತ್ತು. ಆದರೆ ಮೃತರ ದಿನದಂದು ಸಮಾಧಿಯ ಮೇಲೆ ರೊಟ್ಟಿ, ದ್ರಾಕ್ಷಾರಸ ಇಡುವ ರೂಢಿ ಸ್ಪೇನಿನ ಹಳ್ಳಿಗಳಲ್ಲೂ ಇತ್ತು. ಹಾಗಾಗಿ ಎರಡು ಹೊಳೆಗಳು ಕೂಡಿದ ಮೇಲೆ ಇದು ಯಾವ ಹೊಳೆಯ ನೀರು ಎಂದು ಬೊಗಸೆಯಲ್ಲಿ ಹಿಡಿದು ಕೇಳಿದಂತಾಗುತ್ತದೆ ಈ ವಾದ.

ಸಕ್ಕರೆಯ ಶವಪೆಟ್ಟಿಗೆ

ಗೊಂಬೆಗಳ ವಿಷಯಕ್ಕೆ ಬಂದರೆ, ನಮಗೆ ಅತ್ಯಂತ ಉಪಯುಕ್ತ ಸಾಕ್ಷಿ ನುಡಿದವರು ಒಬ್ಬ ಕಪುಚಿನ್ ಗುರು. ಫ್ರಾನ್ಸಿಸ್ಕೋ ದೆ ಅಹೋಫ್ರಿನ್ ಎಂದು ಅವರ ಹೆಸರು. ರೋಮಿನ ಧರ್ಮಪ್ರಚಾರ ಪೀಠದ ಆಜ್ಞೆಯಂತೆ, ಟಿಬೆಟ್ ಕಡೆಯ ಮಿಷನ್ನಿಗಾಗಿ ದೇಣಿಗೆ ಕೂಡಿಸಲು ಅವರು 1760ರ ದಶಕದಲ್ಲಿ ಮೆಕ್ಸಿಕೋ ಸುತ್ತಿದರು. ತಮ್ಮ ದಿನಚರಿಯಲ್ಲಿ ಅವರು ಮೆಕ್ಸಿಕೋ ನಗರದ ವ್ಯಾಪಾರಿಗಳ ಮೊಗಸಾಲೆಯಲ್ಲಿ ಮೃತರ ದಿನದ ಮುಂಚೆ ನಡೆಯುವ ಸಂತೆಯನ್ನು ವರ್ಣಿಸುತ್ತಾರೆ. ಸಕ್ಕರೆ ಪಾಕದ ಕುರಿಮರಿಗಳು, ಶವಪೆಟ್ಟಿಗೆಗಳು, ಸಮಾಧಿಗಳು, ಮೃತರ ರೂಪದ ಸಾವಿರಾರು ಗೊಂಬೆಗಳು, ಗುರುಗಳು, ಸನ್ಯಾಸಿನಿಯರು, ಧರ್ಮಾಧ್ಯಕ್ಷರು, ಕುದುರೆ ಸವಾರರು. ಪರಿಚಯದ ಮನೆಗಳ ಮಕ್ಕಳಿಗೆ ಇವನ್ನು ಕೊಡಲೇಬೇಕು, ಅದು ಕಡ್ಡಾಯ ಉಡುಗೊರೆ. ಅಂದರೆ ಸುಮಾರು 260 ವರ್ಷಗಳ ಹಿಂದೆಯೇ ಈ ಆಟಿಕೆ ಕಥೋಲಿಕ ಹಬ್ಬದ ಮಕ್ಕಳ ಆಟಿಕೆಯಾಗಿತ್ತು. ಒಬ್ಬ ಕಪುಚಿನ್ ಗುರು ಅದನ್ನು ಕಂಡು ವಿವರವಾಗಿ ಬರೆದಿಟ್ಟರು.

ಆ ಸಕ್ಕರೆ ಪಾಕಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಆಲ್ಫೆನ್ಯೀಕೆ’ ಎನ್ನುತ್ತಾರೆ. ಶಬ್ದದ ಬೆನ್ನು ಹತ್ತಿದರೆ ಅದು ಅರಬ್ಬಿಯ ‘ಫಾನೀದ್’, ಅದಕ್ಕೂ ಹಿಂದೆ ಪಾರಸಿಯ ‘ಪಾನೀದ್’, ಅದಕ್ಕೂ ಹಿಂದೆ ಸಂಸ್ಕೃತದ ‘ಫಾಣಿತ’! ಕಬ್ಬಿನ ಹಾಲನ್ನು ಗಟ್ಟಿಯಾಗಿ ಕಾಸಿದ್ದು ಎಂದರ್ಥ. ನಮ್ಮ ದೇಶದ ಪದವೊಂದು ಅರಬರ ಜೊತೆ ಸ್ಪೇನಿಗೆ ಹೋಗಿ, ಸ್ಪೇನಿನವರ ಹಡಗು ಹತ್ತಿ ಮೆಕ್ಸಿಕೋ ಸೇರಿತು. ಉತ್ತರ ಕರ್ನಾಟಕದಲ್ಲಿ ಗೌರಿ ಹುಣ್ಣಿಮೆಗೆ ಮರದ ಅಚ್ಚಿನಲ್ಲಿ ಸಕ್ಕರೆ ಪಾಕ ಹೊಯ್ದು ಆನೆ, ಕುದುರೆ, ಗುಡಿಗಳ ಆಕಾರದ ಸಕ್ಕರೆ ಆರತಿ ಮಾಡುವುದನ್ನು ಯಾರು ನೋಡಿಲ್ಲ? ಅದೂ ಹೆಚ್ಚುಕಡಿಮೆ ನವೆಂಬರ್ ತಿಂಗಳಲ್ಲಿಯೇ. ಮಕ್ಕಳಿಗೆ ಈ ಸಂಗತಿ ಹೇಳಿದ ಕೂಡಲೇ ಮೆಕ್ಸಿಕೋ ಒಮ್ಮೆಲೇ ಹತ್ತಿರದ ಊರಾಯಿತು. ಒಬ್ಬ ಹುಡುಗಿ ಮನೆಯಲ್ಲಿದ್ದ ಹಳೆಯ ಅಚ್ಚನ್ನೇ ತಂದಳು.

1748ರಲ್ಲಿ ಪೋಪ್ 14ನೆಯ ಬೆನೆಡಿಕ್ಟರು ಸ್ಪೇನ್, ಪೋರ್ಚುಗಲ್ ಮತ್ತು ಅವುಗಳ ಅಧೀನ ದೇಶಗಳ ಗುರುಗಳಿಗೆ ನವೆಂಬರ್ 2ರಂದು ಮೂರು ಬಲಿಪೂಜೆ ಅರ್ಪಿಸುವ ಅನುಮತಿ ಕೊಟ್ಟರು. ಅದೇ ಅನುಮತಿಯನ್ನು ಇಡೀ ಜಗತ್ತಿಗೆ ವಿಸ್ತರಿಸಿದವರು 15ನೆಯ ಬೆನೆಡಿಕ್ಟರು, 1915ರ ಆಗಸ್ಟ್‌ನಲ್ಲಿ, ಮೊದಲನೆಯ ಮಹಾಯುದ್ಧದ ಹೆಣಗಳ ನಡುವೆ. ಅದೇ 1915ರ ಜನವರಿಯಲ್ಲಿ ನಿಜಾಮರ ಸೇವೆಯಲ್ಲಿದ್ದ ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್ ನಮ್ಮ ಮಸ್ಕಿಯ ಗುಡ್ಡದಲ್ಲಿ ಅಶೋಕನ ಹೆಸರಿರುವ ಶಾಸನವನ್ನು ಕಂಡುಹಿಡಿದರು. ಒಂದಕ್ಕೊಂದು ಸಂಬಂಧವಿಲ್ಲ, ಆದರೂ ವರ್ಷ ನೆನಪಿಡಲು ಮಕ್ಕಳಿಗೆ ಇದು ಒಳ್ಳೆಯ ದಾರಿ.

ಇಂದು ಜಗತ್ತು ಬಲ್ಲ ನಗುವ ಅಸ್ಥಿಪಂಜರಕ್ಕೆ ಮುಖ ಕೊಟ್ಟವನು ಹೋಸೆ ಗ್ವಾದಲುಪೆ ಪೊಸಾದಾ. 1852ರಲ್ಲಿ ಆಗ್ವಾಸ್ಕಾಲಿಯೆಂತೆಸ್ ಎಂಬ ಊರಿನಲ್ಲಿ ಹುಟ್ಟಿದವನು. ಲಿಯೋನ್ ನಗರದಲ್ಲಿ ಕೆಲಸ ಮಾಡುತ್ತಿದ್ದಾಗ 1888ರ ಪ್ರವಾಹ ಬಂದು, ಅಲ್ಲಿಂದ ರಾಜಧಾನಿಗೆ ಬಂದ. ಬನೇಗಾಸ್ ಅರ್ರೋಯೋ ಎಂಬ ಪ್ರಕಾಶಕರ ಮುದ್ರಣಾಲಯಕ್ಕೆ ಲೋಹದ ತಗಡಿನ ಮೇಲೆ ಚಿತ್ರ ಕೊರೆದು ಹೊಟ್ಟೆ ಹೊರೆದ. ಚಿಲ್ಲರೆ ಕಾಸಿಗೆ ಮಾರುವ ಒಂಟಿ ಹಾಳೆಗಳವು. ಮೃತರ ಹಬ್ಬದ ಹೊತ್ತಿಗೆ ಮಂತ್ರಿಗಳು, ಸಿರಿವಂತರು, ಕುಡುಕರು, ಸೈಕಲ್ ಸವಾರರು, ಪತ್ರಕರ್ತರು ಎಲ್ಲರನ್ನೂ ಎಲುಬಾಗಿ ಬರೆದು, ಜೊತೆಗೆ ಚುಡಾಯಿಸುವ ಪದ್ಯ ಅಚ್ಚು ಹಾಕುತ್ತಿದ್ದರು. ಅವನ ಅತಿ ಪ್ರಸಿದ್ಧ ಚಿತ್ರ ಹೂವು, ಗರಿಗಳ ದೊಡ್ಡ ಟೋಪಿ ಹಾಕಿದ ಹೆಣ್ಣು ಬುರುಡೆ. ತನ್ನ ಮೂಲ ಮರೆಮಾಚಿ ಯೂರೋಪಿನವಳಂತೆ ಸೋಗು ಹಾಕುವವಳನ್ನು ಅಣಕಿಸಿದ ಚಿತ್ರವದು. ಅದರ ಹೆಸರಿನಲ್ಲಿರುವ ‘ಗಾರ್ಬಾಂಸೋ’ ಎಂದರೆ, ನೋಡಿ, ಮತ್ತೆ ಕಡಲೆಕಾಳು. 1947ರಲ್ಲಿ ದಿಯೇಗೋ ರಿವೇರಾ ತನ್ನ ದೊಡ್ಡ ಭಿತ್ತಿಚಿತ್ರದಲ್ಲಿ ಆ ಬುರುಡೆಗೆ ಮೈ, ಸೀರೆಯುದ್ದದ ಉಡುಪು, ಪಕ್ಕದಲ್ಲಿ ಪೊಸಾದಾನನ್ನೇ ನಿಲ್ಲಿಸಿ, ‘ಕತ್ರೀನಾ’ ಎಂಬ ಹೆಸರು ಅಂಟಿಸಿದ. ಪೊಸಾದಾ ಅದನ್ನು ನೋಡಲಿಲ್ಲ. ಅವನು 1913ರ ಜನವರಿ 20ರಂದು ಬಡತನದಲ್ಲಿ ಸತ್ತು, ಬಡವರ ಗುಂಡಿ ಸೇರಿದ್ದ.

ಕಾಗದದ ಎಲುಬುಗಳ ಕಸುಬಿನಲ್ಲಿ ಹೆಸರಾದದ್ದು ಮೆಕ್ಸಿಕೋ ನಗರದ ಲಿನಾರೆಸ್ ಮನೆತನ. ಪೇದ್ರೋ ಲಿನಾರೆಸ್ (1906-1992) ಮತ್ತು ಅವನ ಮಕ್ಕಳು ಪವಿತ್ರ ಶನಿವಾರದಂದು ಸುಡುವ ಯೂದನ ಪ್ರತಿಮೆಗಳನ್ನು ಹಳೆ ಕಾಗದ, ಅಂಟು, ಬಿದಿರುಕಡ್ಡಿಯಿಂದ ಮಾಡುತ್ತಿದ್ದವರು. ಅದೇ ಕೈಗಳು ಎಲುಬುಗಳನ್ನೂ ಮಾಡಿದವು. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ನಗರದಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ಆ ಮೇಲೆ ಈ ಮನೆತನದವರು ಕುಸಿದ ಕಟ್ಟಡದ ಅವಶೇಷ, ಅದರಡಿ ಸಿಕ್ಕಿಕೊಂಡವರು, ಎಳೆದು ತೆಗೆಯುವ ರಕ್ಷಣಾ ಕಾರ್ಯಕರ್ತರು, ಎಲ್ಲವನ್ನೂ ಎಲುಬುಗಳಲ್ಲಿ ಮಾಡಿ ನಿಲ್ಲಿಸಿದರು. ಅದನ್ನು ಕೇಳಿದ ಮೇಲೆ ಹಟ್ಟಿಯಲ್ಲಿರುವ ನಮಗೆ ಗಣಿಯ ನೆನಪು ಬಾರದಿರಲು ಸಾಧ್ಯವೇ?

ಭೂಮಿಯೊಳಗೆ ಇಳಿಯುವವರ ಊರು

ಹಟ್ಟಿ ಎಂದರೆ ಗಣಿ. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ದೇಶದ ಪ್ರಮುಖ ಚಿನ್ನದ ಗಣಿಯೆಂದರೆ ಇದೇ. ಈಗಿನ ಕಂಪನಿ 1947ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಆರಂಭವಾದದ್ದು; ಆದರೆ ಅಗೆತ ಬಹು ಹಳೆಯದು. ಆಧುನಿಕ ಯಂತ್ರಗಳು ಬರುವ ಎಷ್ಟೋ ಶತಮಾನ ಮೊದಲೇ, ಹೆಸರಿಲ್ಲದ ಜನ ಬೆಂಕಿಯಿಂದ ಬಂಡೆ ಕಾಸಿ, ಸೀಳಿ, ಇಲ್ಲಿ 600 ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದರು. ಅವರಲ್ಲಿ ಎಷ್ಟು ಮಂದಿ ಮೇಲೆ ಬರಲಿಲ್ಲವೋ!

ಮೆಕ್ಸಿಕೋದ ಜೊತೆ ಗಣಿಯ ನಂಟೂ ಒಂದಿದೆ. ಇಂಗ್ಲೆಂಡಿನ ಜಾನ್ ಟೇಲರ್ 1824ರಲ್ಲಿ ಕಂಪನಿ ಕಟ್ಟಿ ಮೆಕ್ಸಿಕೋದ ರಿಯಾಲ್ ದೆಲ್ ಮೊಂತೆ ಬೆಳ್ಳಿಗಣಿಗಳನ್ನು ಹಿಡಿದ. ಕಾರ್ನ್‌ವಾಲ್ ಪ್ರಾಂತದ ಗಣಿಗಾರರು ಯಂತ್ರಗಳೊಂದಿಗೆ ಅಲ್ಲಿಗೆ ಹೋದರು. ಹಡಗಿನಿಂದ ಇಳಿಯುತ್ತಲೇ ಹಳದಿ ಜ್ವರಕ್ಕೆ ಹಲವರು ಸತ್ತರು. ಗುಡ್ಡದ ಮೇಲೆ ಅವರ ಸ್ಮಶಾನ ಈಗಲೂ ಇದೆ. 1880ರ ನಂತರ ಕೋಲಾರದ ಚಿನ್ನದ ಗಣಿಗಳನ್ನು ನಡೆಸಿದ ‘ಜಾನ್ ಟೇಲರ್ ಅಂಡ್ ಸನ್ಸ್’ ಇದೇ ಟೇಲರನ ವಂಶದವರ ಸಂಸ್ಥೆ. ಬೆಳ್ಳಿಯಾದರೇನು, ಚಿನ್ನವಾದರೇನು, ಗಣಿಯ ಊರುಗಳಲ್ಲಿ ಸಾವು ಪಾಳಿಯ ಗಂಟೆಯಷ್ಟೇ ಪರಿಚಿತ.

ನಮ್ಮ ನೆಲದಲ್ಲಿ ಎಲುಬುಗಳಿಗೂ ಕೊರತೆಯಿಲ್ಲ. 1954ರಲ್ಲಿ ಬಿ.ಕೆ. ಥಾಪರ್ ಅವರು ಮಸ್ಕಿಯಲ್ಲಿ ಅಗೆದಾಗ ಕಬ್ಬಿಣ ಯುಗದ ಸಮಾಧಿಗಳು ಸಿಕ್ಕವು. ಗುಂಡಿಯಲ್ಲಿ ಹೂತವರ ಜೊತೆಗೆ ಮಡಕೆ, ಕಬ್ಬಿಣದ ಸಾಮಾನು ಇಟ್ಟಿದ್ದರು. ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲಿ ರೇಮಂಡ್ ಆಲ್ಚಿನ್ ಅವರು 1950ರ ದಶಕದ ಆರಂಭದಲ್ಲಿ ನವಶಿಲಾಯುಗದ ನೆಲೆಯನ್ನು ಅಗೆದು, ಮಣ್ಣಿನ ಪುಟ್ಟ ಪ್ರಾಣಿಗಳನ್ನೂ ಕಂಡರು. ಇನ್ನೂ ಹಿಂದೆ, ಸುರಪುರದಲ್ಲಿ ಆಡಳಿತ ನಡೆಸುತ್ತಿದ್ದ ಮೆಡೋಸ್ ಟೇಲರ್ ಜೇವರ್ಗಿಯ ಕಲ್ಲುಗುಂಪೆಗಳನ್ನು ತೆರೆಸಿ, ತಲೆ ಬೇರ್ಪಟ್ಟ ಅಸ್ಥಿಪಂಜರಗಳನ್ನು ಕಂಡು ದಾಖಲಿಸಿದ್ದ. ಮಣ್ಣಿನಲ್ಲಿ ಗೊಂಬೆ ಮಾಡುವುದು, ಮೃತರ ಬಳಿ ಮಡಕೆ ಇಡುವುದು, ಎರಡನ್ನೂ ಈ ಸೀಮೆಯ ಜನ ಮೆಕ್ಸಿಕೋದವರಿಂದ ಕಲಿಯಬೇಕಾಗಿರಲಿಲ್ಲ.

ಸಾವಿನ ಜೊತೆ ನಗೆಯನ್ನೂ ಅಷ್ಟೇ. ಭಾದ್ರಪದದಲ್ಲಿ ಹೆಂಗಸರು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಮಣ್ಣಿನ ಜೋಕುಮಾರನನ್ನು ಹೊತ್ತು ಮನೆಮನೆಗೆ ಬರುತ್ತಾರೆ. ಅವನ ಪೋಲಿ ಹಾಡುಗಳಿಗೆ ಊರೇ ನಗುತ್ತದೆ. ಏಳು ದಿನಕ್ಕೆ ಅವನು ಸಾಯುತ್ತಾನೆ, ಅವನಿಗಾಗಿ ಅಳುತ್ತಾರೆ, ಮಳೆ ಬರುತ್ತದೆಂದು ನಂಬುತ್ತಾರೆ. ಮುದಗಲ್ಲಿನ ಮೊಹರಂಗೆ ಜಾತಿ ಮತ ನೋಡದೆ ಜನ ಸೇರುತ್ತಾರೆ. ಅದು ಶೋಕದ ದಿನ, ಆದರೂ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ವೇಷ ಕಟ್ಟುತ್ತಾರೆ. ಶೋಕ ಎಂದರೆ ಮುಖ ಗಂಟು ಹಾಕಿಕೊಂಡು ಕೂರುವುದು ಮಾತ್ರ ಎಂಬುದು ನಮ್ಮ ಜನರ ಬುದ್ಧಿಯಲ್ಲ.

ಇಷ್ಟೆಲ್ಲ ಓದಿಕೊಂಡು ತರಗತಿಗೆ ಹೋದೆವು. ಬೂಟಿನ ಖಾಲಿ ಡಬ್ಬಿ, ಹಳೆ ಪೇಪರು, ಕಟ್ಟಡದವರು ಬಳಸುವ ತೆಳು ತಂತಿ, ಚಾಕ್ ಪುಡಿ. ಅಂಟಿಗೆ ಕಿನ್ನಾಳದ ಚಿತ್ರಗಾರರ ಮಾದರಿ ಹಿಡಿದೆವು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಾರರು ಹುಣಸೆ ಬೀಜದ ಅಂಟಿಗೆ ಸೆಣಬಿನ ಪುಡಿ ಕಲಸಿ ‘ಕಿಟ್ಟ’ ಮಾಡುತ್ತಾರೆ. ಹಗುರ ಮರದ ಗೊಂಬೆಗೆ ಅದನ್ನು ಹಚ್ಚಿ ರೂಪ ತಿದ್ದುತ್ತಾರೆ. ಬೀಜ ಹುರಿದು, ನೆನೆಸಿ, ಸಿಪ್ಪೆ ತೆಗೆದು, ಅರೆದು, ಕುದಿಸಿದರೆ ಬರುವ ಆ ಅಂಟು ಒಣಗಿದ ಮೇಲೆ ಕಲ್ಲಿನಂತೆ ಗಟ್ಟಿ. ಮೈದಾ ಸರಿಗಿಂತ ಎಷ್ಟೋ ಮೇಲು, ಹುಳವೂ ಕಡಿಮೆ. ತಂತಿಯಲ್ಲಿ ಬೆನ್ನೆಲುಬು ಕಟ್ಟಿ, ಪೇಪರ್ ಸುತ್ತಿ, ಚಾಕ್ ಪುಡಿಯ ಬಿಳಿ ಹಚ್ಚಿ, ಕಪ್ಪಿನಿಂದ ಎಲುಬು ಬರೆಯುವುದು. ಮನುಷ್ಯನಿಗೆ 206 ಎಲುಬು, 12 ಜೊತೆ ಪಕ್ಕೆಲುಬು. ವಿಜ್ಞಾನದ ಪಾಠವೂ ಮುಗಿಯಿತು. ತಲೆಗೆ ಓಹಾಕಾದವರಂತೆ ಕಡಲೆಕಾಳು. ರಾತ್ರಿ ನೆನೆಹಾಕಿದರೆ ತಂತಿ ಸುಲಭವಾಗಿ ತೂರುತ್ತದೆ. ಕಾಳಿನ ಚೂಪು ತುದಿಯೇ ಮೂಗು.

ಮೆಕ್ಸಿಕೋದಲ್ಲಿ ಸಕ್ಕರೆ ಬುರುಡೆಯ ಹಣೆಯ ಮೇಲೆ ಬದುಕಿರುವ ಗೆಳೆಯನ ಹೆಸರು ಬರೆದು ಅವನಿಗೇ ಕೊಡುತ್ತಾರೆ, ಅವನು ನಕ್ಕು ತಿನ್ನುತ್ತಾನೆ ಎಂದು ಹೇಳಿದ್ದೇ ತಡ, ಒಬ್ಬ ಹುಡುಗ ತನ್ನ ತಂದೆಯನ್ನು ಮಾಡಿದ. ಹೆಲ್ಮೆಟ್ಟು, ಹಣೆಯ ದೀಪ, ಕೈಯಲ್ಲಿ ಊಟದ ಡಬ್ಬಿ, ಎಲುಬಿನ ಗಣಿ ಕಾರ್ಮಿಕ. ಚೆಂದಾಗಿತ್ತು. ಮರುದಿನ ಬೆಳಿಗ್ಗೆ ಅವನ ತಾಯಿ ಶಾಲೆಗೆ ಬಂದರು.

“ಸರ, ನಮ್ಮನಿಯವ್ರು ರಾತ್ರಿ ಪಾಳಿಗೆ ಭೂಮಿ ಒಳಗ ಇಳೀತಾರ. ಇಂಥಾದ್ದು ಮನಿಯಾಗ ಹೆಂಗ ಇಡೂದ್ರಿ?”

“ಮನಿಗಿ ಒಯ್ಯೂದು ಬ್ಯಾಡವ್ವಾ. ಸಾಲ್ಯಾಗ ಇರ್ಲಿ.”

“ಸಾಲ್ಯಾಗೂ ಅವ್ರ ರೂಪ ಹಂಗ ಇರೂದು ಬ್ಯಾಡ್ರಿ.”

ಆ ತಾಯಿಯ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನಮಗೆ ಮನಸ್ಸಾಗಲಿಲ್ಲ; ತಳ್ಳಿಹಾಕುವುದು ಸರಿಯೂ ಅಲ್ಲ. ಬುರುಡೆ ಎಂದರೆ ಈ ಭಾಗದಲ್ಲಿ ಮಾಟವೆಂಬ ಅಂಜಿಕೆ ಇದೆ, ಅದು ಬೇರೆ ಮಾತು, ಅದನ್ನು ತಿಳಿಹೇಳಬಹುದು. ಇವರ ಅಂಜಿಕೆ ಅದಲ್ಲ. ಗಂಡ ಪಾಳಿ ಮುಗಿಸಿ ಮೇಲೆ ಬರುವ ತನಕ ಎಚ್ಚರವಿರುವ ಹೆಂಗಸಿನ ಅಂಜಿಕೆ. ಇತಿಹಾಸವೂ ಅವರ ಪರವಾಗಿಯೇ ಇದೆಯೆನ್ನಬೇಕು. ಮೆಕ್ಸಿಕೋದಲ್ಲಿ ಎಡೆಯೇ ಬೇರೆ, ಎಲುಬಿನ ಆಟಿಕೆಯೇ ಬೇರೆ. ಎಡೆಯ ಮೇಲೆ ಇರುವುದು ಮೃತರ ಹೆಸರು, ಅವರ ಭಾವಚಿತ್ರ. ಅಲ್ಲಿ ಯಾರೂ ಅವರನ್ನು ಅಣಕಿಸುವುದಿಲ್ಲ. ಆಟಿಕೆ ನಗುವುದು ಬದುಕಿರುವವರನ್ನು ನೋಡಿ, ಅದರಲ್ಲೂ ಜಂಭದವರನ್ನು ನೋಡಿ. ಪೊಸಾದಾನ ಟೋಪಿಯವಳೂ ಪ್ಯಾರಿಸ್ ಗೋಡೆಯ ಚಕ್ರವರ್ತಿಯೂ ಅಂಥವರೇ. ಪಾಳಿಗೆ ಹೋಗುವ ಕಾರ್ಮಿಕನಿಗೆ ಕಳಚಿಡಬೇಕಾದ ಜಂಭ ಯಾವುದಿದೆ? ಲಿನಾರೆಸ್ ಮನೆಯವರ ಭೂಕಂಪದ ದೃಶ್ಯ ಬೇರೆ ತರಹದ್ದು. ಅದು ಇಡೀ ನಗರ ಒಟ್ಟಾಗಿ ಪಟ್ಟ ದುಃಖ, ಆದ ಮೇಲೆ ಮಾಡಿದ್ದು. ಬರಲಿರುವ ರಾತ್ರಿಯ ಬಗ್ಗೆ ಹಾಗೆ ಮಾಡಲಾಗದು.

ಆದ್ದರಿಂದ ತರಗತಿಯಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡೆವು. ಹೆಸರು ಹಿಡಿದು ಯಾರನ್ನೂ ಮಾಡುವುದು ಬೇಡ. ಹೋದ ವರ್ಷದೊಳಗೆ ಮನೆಯಲ್ಲಿ ಸಾವಾಗಿರುವ ಮಕ್ಕಳಿಗೆ ಈ ಕೆಲಸವನ್ನು ಒತ್ತಾಯ ಮಾಡುವುದು ಬೇಡ. ಅವರು ಚೆಂಡುಹೂ ಕಟ್ಟಲಿ, ಬೇಕಾದರೆ ಹಿನ್ನೆಲೆ ಬರೆಯಲಿ. ಹುಡುಗ ತನ್ನ ಗೊಂಬೆಯ ಹೆಲ್ಮೆಟ್ ತೆಗೆದು, ಅದಕ್ಕೆ ಕನ್ನಡಕ ಹಾಕಿ, ಬಡ್ಡಿ ಸಾಹುಕಾರನನ್ನಾಗಿ ಮಾಡಿದ. ದುಡ್ಡಿನ ಚೀಲವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ ಎಲುಬು. ಸುವಾರ್ತೆಯಲ್ಲಿ ಹೊಸ ಕಣಜ ಕಟ್ಟಲು ಹೊರಟ ಧನಿಕನ ಸಾಮತಿ ಇದೆಯಲ್ಲ, ನಾವು ಹೇಳದೆಯೇ ಅವನ ಕೈಗೆ ಅದೇ ಬಂತು. ತಾಯಿ ಅದನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಮಿಕ್ಕ ಪೆಟ್ಟಿಗೆಗಳಲ್ಲಿ ಲಿಂಗಸೂಗೂರು ಬಸ್ಸಿಗೆ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವ ಎಲುಬು, ಮಿರ್ಚಿ ಭಜಿ ಕರಿಯುವ ಎಲುಬು, ಸೆಲ್ಫಿ ತೆಗೆದುಕೊಳ್ಳುವ ಎಲುಬು, ಜೊತೆಗೆ ಶವಯಾತ್ರೆಯ ಎಂಟು ಕಡಲೆಕಾಳಿನ ಗುರುಗಳು ಇದ್ದರು. ನಮ್ಮ ಧರ್ಮಕೇಂದ್ರದ ಗುರುಗಳು ತಮ್ಮ ಸಹೋದರರನ್ನು ಬಹಳ ಹೊತ್ತು ಬಗ್ಗಿ ನೋಡಿ, ಇವರಲ್ಲಿ ನಾನು ಯಾರೆಂದು ಕೇಳಿದರು. ನವೆಂಬರ್ 2ರಂದು ಪೆಟ್ಟಿಗೆಗಳನ್ನು ಸ್ಮಶಾನಕ್ಕೆ ಒಯ್ಯಲಿಲ್ಲ, ಶಾಲೆಯ ಪಡಸಾಲೆಯಲ್ಲೇ ಜೋಡಿಸಿದೆವು. ಸ್ಮಶಾನಕ್ಕೆ ಹೋದದ್ದು ಹೂ, ಮೇಣದಬತ್ತಿ ಮತ್ತು ಮಕ್ಕಳು ಬರೆದು ತಂದ ಹೆಸರುಗಳ ಪಟ್ಟಿ.

ವಾರ ಕಳೆದು ಪೆಟ್ಟಿಗೆಗಳನ್ನು ಕಪಾಟಿಗೆ ಎತ್ತಿಡಲು ಹೋದಾಗ ಶವಯಾತ್ರೆಯ ಮೂವರು ಗುರುಗಳಿಗೆ ತಲೆ ಇರಲಿಲ್ಲ. ಇಲಿಗಳ ಕೆಲಸ. ಮಕ್ಕಳು ಅವುಗಳಿಗೆ ಜೇವರ್ಗಿಯ ಗುರುಗಳೆಂದು ಹೆಸರಿಟ್ಟು ಹಾಗೆಯೇ ಉಳಿಸಿಕೊಂಡಿದ್ದಾರೆ. ಮುಂದಿನ ಸಲ ಕಾಳಿಗೆ ಬೇವಿನ ಎಣ್ಣೆ ಸವರುವುದೆಂದು ತೀರ್ಮಾನವಾಗಿದೆ. ಹುಣಸೆ ಬೀಜವನ್ನು ಬೇಸಿಗೆಯಲ್ಲೇ ಕೂಡಿಸಿಡಬೇಕು. ಅಕ್ಟೋಬರ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.